ನಮ್ಮವರು ಮೌಸ್ ಬಿಟ್ಟದ್ದು

ವಯಸ್ಸಾದ ಮೇಲೆ ಕೆಲವರು ಸಕ್ಕರೆ ಬಿಡುತ್ತಾರೆ, ಕೆಲವರು ಉಪ್ಪು ಬಿಡುತ್ತಾರೆ, ಇನ್ನು ಕೆಲವರು ನೆಂಟರ ಜೊತೆ ಮಾತು ಬಿಡುತ್ತಾರೆ. ನಮ್ಮವರು ಮೌಸ್ ಬಿಟ್ಟರು.

ಬಿಟ್ಟ ಬಗೆಯನ್ನು ಹೇಳಬೇಕು. ಒಂದು ಬೆಳಗ್ಗೆ ತಿಂಡಿ ಮುಗಿಸಿ, ಕೈ ತೊಳೆದು ಒರೆಸಿಕೊಂಡು ಬಂದು, ಕಂಪ್ಯೂಟರಿನ ಹಿಂದಕ್ಕೆ ಬಗ್ಗಿ ಮೌಸಿನ ವೈರನ್ನು ಕಿತ್ತರು. ವೈರನ್ನು ಅದರ ಮೈಗೇ ಸುತ್ತಿ, ಹಳೆಯ ಕರ್ಚೀಫಿನಲ್ಲಿ ಕಟ್ಟಿ, ಬೀರುವಿನಲ್ಲಿ ಶಾಲುಗಳ ಕೆಳಗೆ ಇಟ್ಟರು. ಬಾಗಿಲು ಮುಚ್ಚಿ ಒಂದು ಗಳಿಗೆ ತಲೆ ತಗ್ಗಿಸಿ ನಿಂತರು. ನಾನೂ ನಿಂತೆ. ಅಂಥ ಹೊತ್ತಿನಲ್ಲಿ ಜೊತೆಗೆ ನಿಲ್ಲುವುದು ಮರ್ಯಾದೆ.

"ಇವಳೇ, ಇನ್ಮೇಲೆ ನನ್ನ ಕೈ ಕೀಬೋರ್ಡ್ ಬಿಟ್ಟು ಏಳಲ್ಲ," ಎಂದರು.

"ಊಟಕ್ಕೆ?"

"ಇದು ಊಟದ ಮಾತಲ್ಲ. ಯೋಚನೆಯ ಮಾತು."

ನಮ್ಮವರು ವಿಮಾ ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಟೈಪಿಸ್ಟ್ ಆಗಿಯೇ ನಿವೃತ್ತರಾದವರು. ಮೇಲಿನವರು ಅತ್ತಿಂದಿತ್ತ ಓಡಾಡುತ್ತ ಹೇಳುತ್ತಿದ್ದರು, ಇವರು ಅವರ ಬಾಯನ್ನೇ ನೋಡುತ್ತ ಟೈಪ್ ಮಾಡುತ್ತಿದ್ದರು. ಹಾಳೆ ನೋಡುವವನು, ಪರದೆ ನೋಡುವವನು ಟೈಪಿಸ್ಟೇ ಅಲ್ಲ ಎಂದು ಇವರ ಮತ. ಯೋಚನೆ ಎಂಬುದು ಬೆರಳ ತುದಿಗೆ ಬರುವ ಅತಿಥಿಯಂತೆ. ಆ ಹೊತ್ತಿಗೆ ಕೈ ಎತ್ತಿ ಮೌಸಿನ ಕಡೆ ಹೋದರೆ, ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು ಅತಿಥಿ ಬಾಗಿಲಿಂದಲೇ ವಾಪಸು ಹೋಗುತ್ತಾನಂತೆ. ನಿವೃತ್ತರಾದ ಮೇಲೆ ನಮ್ಮ ಮನೆಗೆ ಬಂದು ಹಾಗೆ ವಾಪಸು ಹೋದ ಯೋಚನೆಗಳಿಗೆ ಇವರು ಬಹಳ ಮರುಗುತ್ತಿದ್ದರು.

ಅಂಗಡಿಯಲ್ಲಿ ಸಿಗುವ ಟಿಪ್ಪಣಿ ಪ್ರೋಗ್ರಾಂ ಒಂದೂ ಇವರಿಗೆ ಹಿಡಿಸಲಿಲ್ಲ. ಒಂದರಲ್ಲಿ ಬಣ್ಣ ಜಾಸ್ತಿ, ಒಂದರಲ್ಲಿ ಗುಂಡಿ ಜಾಸ್ತಿ. ಕೊನೆಗೆ ಲೈಬ್ರರಿಯಿಂದ ದಪ್ಪ ಪುಸ್ತಕಗಳನ್ನು ತಂದು ತಾವೇ ಪ್ರೋಗ್ರಾಂ ಬರೆಯುವುದನ್ನು ಕಲಿತು, ಒಂದನ್ನು ಮಾಡಿದರು. ಅದಕ್ಕೆ 'ಸ್ಮೃತಿ' ಎಂದು ಹೆಸರಿಟ್ಟರು. ಮುಂದೆ ನಡೆದದ್ದನ್ನು ನೋಡಿದರೆ ಬೇರೆ ಹೆಸರು ಇಡಬಹುದಿತ್ತು.

ಸ್ಮೃತಿಗೆ ಎರಡು ಅವಸ್ಥೆಗಳು. ಬರೆಯುವ ಅವಸ್ಥೆಯಲ್ಲಿ ಕೀ ಒತ್ತಿದರೆ ಅಕ್ಷರ ಮೂಡುತ್ತದೆ. ಆಜ್ಞೆಯ ಅವಸ್ಥೆಯಲ್ಲಿ ಅದೇ ಕೀ ಒತ್ತಿದರೆ ಅಕ್ಷರ ಮೂಡುವುದಿಲ್ಲ, ಕೆಲಸ ಆಗುತ್ತದೆ. ಒಂದು ಕೀ ಒತ್ತಿದರೆ ಮೇಲಿನ ಸಾಲು ಅಳಿಸಿಹೋಗುತ್ತದೆ, ಇನ್ನೊಂದು ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಮತ್ತೊಂದಕ್ಕೆ ಪುಟ ಪಕ್ಕಕ್ಕೆ ಸರಿಯುತ್ತದೆ. ನಮ್ಮ ಸಂಸಾರವೂ ಇಷ್ಟು ವರ್ಷ ಈ ಎರಡೇ ಅವಸ್ಥೆಗಳಲ್ಲಿ ನಡೆದುಬಂದದ್ದರಿಂದ ನನಗೆ ಬೇಗ ಅರ್ಥವಾಯಿತು.

"ಈಗ ಯಾವ ಅವಸ್ಥೆಯಲ್ಲಿದೆ ಅಂತ ಹೇಗೆ ಗೊತ್ತಾಗೋದು? ಪರದೆ ಮೇಲೆ ಏನೂ ಗುರುತಿಲ್ಲವಲ್ಲ ರೀ," ಎಂದೆ.

"ಗುರುತು ಯಾಕೆ? ಬರೆಯೋನಿಗೆ ಗೊತ್ತಿರುತ್ತೆ."

"ಮರೆತರೆ?"

"ಮರೆಯೋನು ಬರೀಬಾರದು," ಎಂದರು. ಗೋಡೆಯ ಮೇಲೆ ಕೆತ್ತಿಸಬಹುದಾದ ಮಾತು.

ನಾನೂ ಒಮ್ಮೆ ಕೂತು "ಸೋಪು ತರಬೇಕು" ಎಂದು ಬರೆಯಲು ಹೋದೆ. ಅಲ್ಲಿದ್ದ ಇವರ ಎರಡು ಸಾಲು ಮಾಯವಾಯಿತು, ಮೂರನೆಯದು ನೋಡನೋಡುತ್ತ ಹೊಲದ ಕುಂಬಳಕಾಯಿಯಂತೆ ಊದತೊಡಗಿತು. ಇವರು ಓಡಿಬಂದು ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. "ನೀನು ಆಜ್ಞೆಯ ಅವಸ್ಥೆಯಲ್ಲಿದ್ದೆ. ದೊಡ್ಡದಾಗು ದೊಡ್ಡದಾಗು ಅಂತ ಅಪ್ಪಣೆ ಕೊಟ್ಟಿದೀಯ. ಪಾಪ, ಅದೇನು ಮಾಡುತ್ತೆ?" ಎಂದು ಅದರ ಪರವಾಗಿ ಕ್ಷಮೆ ಕೇಳಿದರು. ಬೈಯಲಿಲ್ಲ. ಸೋಪನ್ನು ತಾವೇ ಹೋಗಿ ತಂದರು.

ಇನ್ನೊಂದು ವಿಶೇಷವಿತ್ತು. ಸ್ಮೃತಿಯಲ್ಲಿ ಬರೆದದ್ದರ ಪಟ್ಟಿ ಎಲ್ಲೂ ಕಾಣಿಸುವುದಿಲ್ಲ. ಪಟ್ಟಿ ನೋಡಿ ಬೆರಳು ತೋರಿಸುವುದು ಮೌಸಿನವರ ಚಾಳಿಯಂತೆ. ಇಲ್ಲಿ ಒಂದು ಟಿಪ್ಪಣಿಯನ್ನು ಮುಚ್ಚುವಾಗ ಯಾವ ನಾಲ್ಕಾರು ಕೀಗಳನ್ನು ಒಟ್ಟಿಗೆ ಒತ್ತಿರುತ್ತೀರೋ, ಅವನ್ನೇ ಮತ್ತೆ ಒತ್ತಿದರೆ ತೆರೆಯುತ್ತದೆ. ಬೇರೆ ದಾರಿಯಿಲ್ಲ.

ಹೀಗಿರುವಾಗ ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಬೇಕಾಯಿತು. ಎಲ್ಲರೂ ಚಾವಣಿ ನೋಡುತ್ತಿದ್ದಾಗ ಇವರು ಕೈ ಎತ್ತಿದರು. ಅಲ್ಲಿಯವರೆಗೆ ಕೀಬೋರ್ಡಿನಿಂದ ಆ ಕೈ ಎದ್ದದ್ದು ಅದೊಂದೇ ಸಲ.

ಇವರ ಕಾಲದ ಮೊದಲ ಸಭೆ ಕಂಪ್ಯೂಟರ್ ಇದ್ದ ನಮ್ಮ ಮನೆಯಲ್ಲೇ ನಡೆಯಿತು, ಒಂದೇ ವಿಷಯ. ಮೂರನೇ ಮಹಡಿಯಲ್ಲಿ ಟೈಲರಮ್ಮ ಇದ್ದಾರೆ. ಒಬ್ಬರೇ. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದು ಮಂಡಿ ಸವೆದಿದೆ. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದು ಒಂದೊಂದು ಮೆಟ್ಟಿಲಿಗೂ ನಿಂತು ಇಳಿಯುತ್ತಾರೆ. ಗಿರಾಕಿಗಳು ಮೂರು ಮಹಡಿ ಹತ್ತಲಾರದೆ ಕಡಿಮೆಯಾಗಿದ್ದರು. ನೆಲಮಹಡಿಯಲ್ಲಿ ಸಂಘದ ಕೋಣೆಯೊಂದು ಖಾಲಿ ಬಿದ್ದಿತ್ತು. ತಮ್ಮ ಮನೆಯನ್ನು ಸಂಘಕ್ಕೆ ಬಿಟ್ಟುಕೊಟ್ಟು ಆ ಕೋಣೆಗೆ ಬರುತ್ತೇನೆ ಎಂದು ಅವರು ಕೇಳಿದ್ದರು. ಸಭೆ ಒಪ್ಪಿತು. ಅಧ್ಯಕ್ಷರು, ಎಂದರೆ ಮೂಲೆಮನೆಯ ಫರ್ನಿಚರ್ ಅಂಗಡಿಯವರು, ಎದ್ದು ನಿಂತು ಒಳ್ಳೆಯ ಭಾಷಣವನ್ನೇ ಮಾಡಿದರು. ಇವರು ಅವರ ಬಾಯನ್ನೇ ನೋಡುತ್ತ ಮಳೆ ಸುರಿದಂತೆ ಟೈಪ್ ಮಾಡಿದರು. ಬಸ್ಸು ಓಡಿಸುವ ಡ್ರೈವರಣ್ಣ ಇವರಿಗೆ ತೊಂದರೆಯಾಗಬಾರದೆಂದು ತನ್ನ ಮಾತನ್ನು ಬಿಡಿಸಿ ಬಿಡಿಸಿ ಹೇಳಿ, ಕೊನೆಗೆ "ಫುಲ್‌ಸ್ಟಾಪ್" ಎಂದೂ ಸೇರಿಸಿದ. ಸಭೆ ಮುಗಿದಾಗ ಅಧ್ಯಕ್ಷರು ಬಂದು ಇವರ ಜೊತೆ ಹರಟುತ್ತಿದ್ದರು. ಹರಟುತ್ತಲೇ ಇವರ ಬೆರಳು ಟಿಪ್ಪಣಿಯನ್ನು ಮುಚ್ಚಿತು.

ಮರುದಿನ ಟೈಲರಮ್ಮ ಇವರ ಕೀಬೋರ್ಡಿಗೆ ಒಂದು ಬಟ್ಟೆಯ ಹೊದಿಕೆ ಹೊಲಿದು ತಂದುಕೊಟ್ಟರು. ಅಂಚಿಗೆ ನೀಲಿ ದಾರದ ಕಸೂತಿ. "ನನ್ನ ಮಾತನ್ನ ಬರ್ಕೊಂಡ ಕೈ ಇದು, ಧೂಳು ಕೂರಬಾರದು," ಎಂದರು.

ಆಮೇಲೆ ಅಧ್ಯಕ್ಷರ ಗೋದಾಮು ಸೋರತೊಡಗಿತು. ಮಾರಾಟವಾಗದ ಮಂಚಗಳನ್ನು ಮಹಡಿ ಹತ್ತಿಸದೆ ಇಡಲು ಜಾಗ ಬೇಕಾಯಿತು. ನೆಲಮಹಡಿಯ ಕೋಣೆಯ ಅಗಲವನ್ನು ಅವರು ಹೆಜ್ಜೆ ಹಾಕಿ ಅಳೆಯುವುದನ್ನು ನಾನೇ ನೋಡಿದೆ. ಮನುಷ್ಯ ಕೆಟ್ಟವರಲ್ಲ. ಆದರೆ ಮಂಚ ಕಣ್ಣಿಗೆ ಅಡ್ಡ ಬಂದರೆ ಹಿಂದಿರುವ ಮಂಡಿ ಕಾಣುವುದಿಲ್ಲ.

"ಹಾಗೇನೂ ತೀರ್ಮಾನ ಆದ ನೆನಪಿಲ್ಲ ನಂಗೆ," ಎಂದರು ಟೈಲರಮ್ಮನಿಗೆ. "ವಸತಿ ಕಚೇರಿಯಿಂದ ಬುಧವಾರ ಮೇಡಂ ಬರ್ತಾರೆ. ನಡಾವಳಿಯಲ್ಲಿದ್ರೆ ತೋರಿಸ್ಲಿ. ಇದ್ರೆ ನಿಮ್ದು. ಇಲ್ದಿದ್ರೆ ಸಂಘದ ಸಾಮಾನಿಗೆ."

ಟೈಲರಮ್ಮ ಮೆಟ್ಟಿಲ ಮೇಲೆ ಕೂತು ಉಸಿರು ಸುಧಾರಿಸಿಕೊಂಡು ನಮ್ಮ ಮನೆಗೆ ಬಂದರು. ಇವರು ನಕ್ಕರು. "ಅಮ್ಮಾ, ನೀವು ಈಗ್ಲೇ ಪಾತ್ರೆ ಕಟ್ಟಿಡಿ. ಅವರು ಕೆಮ್ಮಿದ್ದು ಸಹಿತ ಬರ್ಕೊಂಡಿದೀನಿ," ಎಂದು ಹೊದಿಕೆ ತೆಗೆದು, ಬೆರಳು ಮುರಿದು, ಕೀಗಳ ಮೇಲೆ ಕೈಯಿಟ್ಟರು.

ಕೈ ಅಲ್ಲೇ ನಿಂತಿತು.

ಜಡೆ ಹೆಣೆಯುವ ಯಾವ ಹೆಂಗಸನ್ನಾದರೂ ಕೇಳಿ ನೋಡಿ, ಮೊದಲು ಯಾವ ಎಳೆ ಯಾವುದರ ಮೇಲೆ ಹೋಗುತ್ತದೆ ಎಂದು. ಕೂದಲನ್ನು ಕೈಗೆ ತೆಗೆದುಕೊಳ್ಳದೆ ಹೇಳಲಾರಳು. ಯೋಚಿಸುತ್ತ ಹೆಣೆದರೆ ಹೆಣೆಯಲಾರಳು. ನಮ್ಮವರಿಗೂ ಹಾಗೇ ಆಯಿತು. ಮುಚ್ಚಿದ್ದು ಬೆರಳು, ತಲೆ ಆಗ ಅಧ್ಯಕ್ಷರ ಜೊತೆ ಹರಟುತ್ತಿತ್ತು. ಈಗ ತಲೆ ಬಂದು ಬೆರಳನ್ನು ಕೇಳಿದರೆ ಬೆರಳು ಬಾಯಿ ಬಿಡುತ್ತಿಲ್ಲ.

"ನೆನಪಾಗುತ್ತೆ," ಎಂದರು ಇವರು. ಊಟದ ಹೊತ್ತಿಗೂ ಅದನ್ನೇ ಎಂದರು. ಸಂಜೆ ಒಂದೊಂದೇ ಬೆರಳನ್ನು ಎತ್ತಿ ನೋಡಿಕೊಂಡರು.

ಡ್ರೈವರಣ್ಣ ಡ್ಯೂಟಿ ಮುಗಿಸಿ ಬಂದವನು ಸುದ್ದಿ ಕೇಳಿ ರೋಗ ಕಂಡುಹಿಡಿದ. "ನಂಗೂ ಹಂಗೇ ಸಾರ್. ಈಗ ಯಾವ ಗೇರ್ ಹಾಕ್ದೆ ಅಂತ ಕೇಳಿದ್ರೆ ಬಸ್ಸು ಗಕ್ಕಂತ ನಿಂತೋಗುತ್ತೆ. ಅದೇ ಕಂಡಕ್ಟರ್ ಜೊತೆ ಜಗಳ ಆಡ್ತಾ ಇದ್ರೆ, ಗೇರು ತಾನಾಗೇ ಬೀಳುತ್ತೆ. ನಿಮ್ಮ ತಲೇನ ಬೇರೆ ಕಡೆ ಕಳಿಸ್ಬೇಕು, ಅಷ್ಟೇ."

"ಹೇಗೆ ಕಳಿಸೋದು?"

"ಬೈಸ್ಕೋಬೇಕು."

ಇವರು ಗಂಭೀರವಾಗಿ ನನ್ನ ಕಡೆ ತಿರುಗಿದರು. "ಇವಳೇ, ಬಯ್ಯಿ."

ಬಯ್ಯಿ ಎಂದರೆ ಬರುತ್ತದೆಯೇ? ಬೇಡ ಎಂದಾಗ ಬರುವ ವಿದ್ಯೆ ಅದು. "ಮೊನ್ನೆ ಕೊಡೆ ಮರೆತು ಬಂದ್ರಲ್ಲ," ಎಂದು ಶುರುಮಾಡಿದೆ. ಮುಂದೆ ತೋಚಲಿಲ್ಲ. ಡ್ರೈವರಣ್ಣ ಮುಂದೆ ಬಂದು "ಸೈಡ್ ಕೊಡಯ್ಯಾ, ರಸ್ತೆ ನಿಮ್ಮಪ್ಪಂದಾ?" ಎಂದು ಗರ್ಜಿಸಿ, ತಕ್ಷಣ "ಕ್ಷಮಿಸಿ ಸಾರ್" ಎಂದ. ಟೈಲರಮ್ಮನನ್ನು ಕೇಳಿದಾಗ ಅವರು ಬಹಳ ಕಷ್ಟಪಟ್ಟು, "ನಿಮ್ಮ ಪ್ಯಾಂಟಿನ ಅಂಚು ಬಿಚ್ಚಿದೆ, ಕೊಟ್ರೆ ಹೊಲೀತಿದ್ದೆ," ಎಂದರು. ಅವರ ಬಾಯಲ್ಲಿ ಅದಕ್ಕಿಂತ ಕಠಿಣವಾದ ಮಾತು ಬರಲಿಲ್ಲ.

ಮೂವರು ಸರದಿಯಲ್ಲಿ ಬಯ್ಯುತ್ತಿದ್ದರೆ ಇವರು ಕಣ್ಣು ಮುಚ್ಚಿ, ಬೆರಳು ಚಾಚಿ, "ಇನ್ನೂ ಸ್ವಲ್ಪ ಜೋರಾಗಿ," ಎನ್ನುತ್ತಿದ್ದರು. ಕಿಟಕಿ ತೆರೆದಿತ್ತು. ಎದುರು ಕಟ್ಟಡದವರು ಒಬ್ಬೊಬ್ಬರಾಗಿ ಬಾಲ್ಕನಿಗೆ ಬಂದು ನಿಂತದ್ದನ್ನು ನಾವು ಗಮನಿಸಲಿಲ್ಲ.

ಇಷ್ಟಾದರೂ ಮಾತು ನಮ್ಮ ಓಣಿಯಲ್ಲೇ ಉಳಿಯುತ್ತಿತ್ತೇನೋ. ಆದರೆ ನಮ್ಮವರ ಅಕ್ಕ, ನನ್ನ ಅತ್ತಿಗೆ, ತಮ್ಮ ಬಟ್ಟೆಯನ್ನು ಹೊಲಿಯಲು ಕೊಡುವುದು ಈ ಟೈಲರಮ್ಮನಿಗೇ. ಬಟ್ಟೆ ಕೇಳಲು ಫೋನ್ ಮಾಡಿದಾಗ ಟೈಲರಮ್ಮ ಇದ್ದದ್ದನ್ನು ಇದ್ದಂತೆ ಹೇಳಿದರು: "ನಿಮ್ಮ ತಮ್ಮಂಗೆ ನೆನಪು ಬರೋವರೆಗೂ ನನ್ನ ಕೈಗೆ ಹೊಲಿಗೆ ಹತ್ತಲ್ಲಮ್ಮ. ನಿನ್ನೆಯಿಂದ ಪಾಪ ಒದ್ದಾಡ್ತಿದಾರೆ. ಬೈದ್ರೂ ಬರ್ತಿಲ್ಲ."

ಅತ್ತಿಗೆಗೂ ನಮ್ಮವರಿಗೂ ಬಹಳ ಕಾಲದಿಂದ ಮಾತು ಅಷ್ಟಕ್ಕಷ್ಟೆ. ಅವರು ಯಾರಿಗೋ ಬರೆದ ಪತ್ರವನ್ನು ಟೈಪ್ ಮಾಡಿಕೊಡುವಾಗ ಇವರು ವಾಕ್ಯಗಳನ್ನು ತಿದ್ದಿದ್ದರು. ಅಲ್ಲಿಂದ ಮುಂದೆ ಕ್ಷೇಮ ಸಮಾಚಾರವೆಲ್ಲ ಮೂರನೆಯವರ ಮೂಲಕ. ಆದರೂ ಅಂದು ಚಪ್ಪಲಿ ಅದಲುಬದಲು ಹಾಕಿಕೊಂಡು, ಬ್ಯಾಗ್ ಹಿಡಿದು ಬಂದುಬಿಟ್ಟರು. ಬಂದವರು ನನ್ನನ್ನು ಮಾತಾಡಿಸಲಿಲ್ಲ. ನೆಟ್ಟಗೆ ಇವರ ಎದುರಿಗೆ ಹೋಗಿ ನಿಂತರು.

"ಪುಟ್ಟಾ, ನಾನು ಯಾರು ಹೇಳು?"

ಆ ಗಳಿಗೆಯಲ್ಲಿ ಇವರ ಎಡಗೈಯ ಕಿರುಬೆರಳು ಮೊದಲ ಬಾರಿಗೆ ತಾನಾಗಿ ಅಲುಗಿತ್ತು. ಇವರು ಕಣ್ಣು ತೆರೆಯಲಿಲ್ಲ. "ತಡಿ, ತಡಿ, ನೆನಪಾಗ್ತಾ ಇದೆ," ಎಂದರು.

ಅತ್ತಿಗೆ ಬ್ಯಾಗ್ ಕೈಬಿಟ್ಟರು.

"ಮೊದಲ್ನೇದು ಸಿಕ್ತು," ಎಂದರು ಇವರು. "ಉಳಿದದ್ದು ಹತ್ರಹತ್ರ ಬರುತ್ತೆ, ಹಾಗೇ ಜಾರಿಹೋಗುತ್ತೆ."

"ಅಯ್ಯೋ, ಒಡಹುಟ್ಟಿದವಳು ಕಣೋ! ಜಾರಿಹೋಗ್ತೀನಾ?" ಎಂದು ಅತ್ತಿಗೆ ಅಲ್ಲೇ ಕುಸಿದು ಕೂತರು. ನಾನು ನೀರು ತರಲು ಓಡಿದೆ. ವಿಷಯ ಬಿಡಿಸಿ ಹೇಳಿದೆ; ಕೀ ಎಂದೆ, ಅವಸ್ಥೆ ಎಂದೆ. "ನೀನು ಧೈರ್ಯವಂತೆ ಕಣೇ, ಹೀಗೆ ಏನೇನೋ ಹೇಳಿ ಮನಸ್ಸು ಸಮಾಧಾನ ಮಾಡ್ಕೋತೀಯ. ಅವನ ಅವಸ್ಥೆ ನಂಗೆ ಕಾಣ್ತಿಲ್ವಾ?" ಎಂದು ನನ್ನ ತಲೆ ಸವರಿದರು. ಇಷ್ಟು ವರ್ಷದಲ್ಲಿ ಅವರು ನನ್ನ ತಲೆ ಸವರಿದ್ದು ಅದೇ ಮೊದಲು. ಮುಂದಕ್ಕೆ ವಾದಿಸಲು ಮನಸ್ಸಾಗಲಿಲ್ಲ.

ಅತ್ತಿಗೆಯ ದನಿ ಮೆಟ್ಟಿಲಲ್ಲಿ ಕೆಳಗಿಳಿಯಿತು. ಕಟ್ಟಡಕ್ಕೆ ಕಟ್ಟಡವೇ ಕಾರ್ಯದರ್ಶಿಗಳಿಗೆ ನೆನಪು ಹೋಯಿತೆಂದು ನಂಬಿತು. ಆಮೇಲೆ ಜನರು ತೋರಿದ ಒಳ್ಳೆಯತನವನ್ನು ಹೇಗೆ ಹೇಳಲಿ! ಇವರು ಪೇಪರ್ ತರಲು ಕೆಳಗಿಳಿದು ಬರುವಷ್ಟರಲ್ಲಿ ಮೊದಲನೇ ಮಹಡಿಯ ಗೋಡೆಯ ಮೇಲೆ ಯಾರೋ ಕಾಗದ ಅಂಟಿಸಿದ್ದರು: 'ನಿಮ್ಮ ಮನೆ ಇನ್ನೂ ಒಂದು ಮಹಡಿ ಮೇಲೆ.' ಬಾಣದ ಗುರುತೂ ಇತ್ತು. ನಮ್ಮ ಬಾಗಿಲ ಮೇಲೆ: 'ಇದೇ ನಿಮ್ಮ ಮನೆ. ಒಳಗೆ ಇರುವವರು ನಿಮ್ಮ ಹೆಂಡತಿ.' ಪೇಪರಿನವನು ಇವರ ಕೈಗೆ ಪೇಪರ್ ಕೊಡುತ್ತ, "ಇವತ್ತು ಮಂಗಳವಾರ ಸಾರ್, ಪೂರ್ತಿ ಮಂಗಳವಾರ," ಎಂದು ಒತ್ತಿ ಹೇಳಿದ. ಎದುರಾದವರೆಲ್ಲ ನಿಂತು ತಮ್ಮ ಹೆಸರು, ಮನೆ ನಂಬರು, ಕೆಲಸ ಒಪ್ಪಿಸಿ ಮುಂದೆ ಹೋಗುತ್ತಿದ್ದರು.

ಇವರಿಗೆ ಇದೊಂದೂ ತಲೆಗೆ ಹೋಗಲಿಲ್ಲ. "ನಮ್ಮ ಕಟ್ಟಡದಲ್ಲಿ ಶಿಸ್ತು ಬಂದಿದೆ," ಎಂದಷ್ಟೇ ಹೇಳಿ ಮತ್ತೆ ಕೀಬೋರ್ಡಿನ ಮುಂದೆ ಕೂತರು.

ಸಂಜೆ ಅಧ್ಯಕ್ಷರೇ ಬಂದರು. ಹಿಂದೆ ಇಬ್ಬರು ಆಳುಗಳು ಒಂದು ಕೈಕುರ್ಚಿ ಹೊತ್ತು ತಂದರು. ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಟ್ಟಿದ್ದ, ಯಾರನ್ನೂ ಕೂರಲು ಬಿಡದ ಕುರ್ಚಿ.

"ಬೆನ್ನಿಗೆ ಒಳ್ಳೇದು. ಬೆನ್ನು ನೆಟ್ಟಗಿದ್ರೆ ತಲೆಗೆ ರಕ್ತ ಹೋಗುತ್ತೆ," ಎಂದು ತಾವೇ ಇವರನ್ನು ಕೈ ಹಿಡಿದು ಕೂರಿಸಿದರು. "ನಾನು ಯಾರು ಗೊತ್ತಾಯ್ತಾ?"

"ನೀವು ಆ ಕೋಣೆ ಕೊಡಲ್ಲ ಅಂದವರು," ಎಂದರು ಇವರು.

ಅಧ್ಯಕ್ಷರು ನನ್ನ ಕಡೆ ತಿರುಗಿ, "ಬಿಟ್ಟು ಬಿಟ್ಟು ನೆನಪಿದೆ," ಎಂದು ಮೆಲ್ಲಗೆ ಹೇಳಿ, ಕಣ್ಣೊರೆಸಿಕೊಂಡು ಹೋದರು.

ಬುಧವಾರ ಬಂತು. ವಸತಿ ಕಚೇರಿಯ ಮೇಡಂ ಎರಡು ಮಹಡಿ ಹತ್ತಿ ನಮ್ಮ ಬಾಗಿಲಿಗೆ ಬಂದಾಗ ಏದುಸಿರು ಬಿಡುತ್ತಿದ್ದರು. ದಾರಿಯಲ್ಲಿದ್ದ ಕಾಗದಗಳನ್ನೆಲ್ಲ ಓದಿಕೊಂಡೇ ಬಂದಿದ್ದರು ಎಂದು ಕಾಣುತ್ತದೆ, ನನ್ನನ್ನು ಕಂಡು "ನೀವೇ ಹೆಂಡತಿ ಅಲ್ವಾ?" ಎಂದು ಕೇಳಿದರು. ನೀರು ಕೊಟ್ಟೆ. ಕುಡಿದು, ಒಂದು ಕಾಲಿನ ಚಪ್ಪಲಿಯನ್ನು ಮೇಜಿನಡಿಯಲ್ಲಿ ಸದ್ದಿಲ್ಲದೆ ಕಳಚಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿಕೊಂಡರು.

ಕೋಣೆ ತುಂಬ ಜನ. ಅಧ್ಯಕ್ಷರು ಕಿಟಕಿಯ ಬಳಿ. ರಜೆ ಹಾಕಿ ಬಂದಿದ್ದ ಡ್ರೈವರಣ್ಣ ಬಾಗಿಲ ಬಳಿ. ಅತ್ತಿಗೆ ತಮ್ಮನ ಹೆಗಲ ಮೇಲೆ ಕೈಯಿಟ್ಟು. ಟೈಲರಮ್ಮ ಕೂರದೆ ಗೋಡೆ ಹಿಡಿದು ನಿಂತಿದ್ದರು. ಕೂತರೆ ಏಳುವುದು ಕಷ್ಟ.

"ಸರಿ. ನೆಲಮಹಡಿ ಕೋಣೆ ವಿಚಾರ. ಆ ಸಭೆಯ ನಡಾವಳಿ ತೋರಿಸಿ," ಎಂದರು ಮೇಡಂ.

ಇವರು ಹೊದಿಕೆ ತೆಗೆದು ಕೈಕುರ್ಚಿಯಲ್ಲಿ ನೆಟ್ಟಗೆ ಕೂತರು. ಬೆರಳುಗಳು ಕೀಗಳ ಮೇಲೆ ಇಳಿದವು. ಒತ್ತಿದರು. ಏನೂ ಆಗಲಿಲ್ಲ. ಬೇರೆ ಒತ್ತಿದರು. ಆಗಲಿಲ್ಲ.

"ಒಳಗಿದೆ ಮೇಡಂ. ತೆರೆಯೋ ಕೀಗಳು ಮಾತ್ರ..."

"ಮೌಸ್ ಇಲ್ವಾ?"

"ಬಿಟ್ಟಿದ್ದೀನಿ," ಎಂದರು ಇವರು.

"ಮೇಡಂ, ಅವನನ್ನ ಏನೂ ಕೇಳ್ಬೇಡಿ," ಎಂದು ಅತ್ತಿಗೆ ಬಿಕ್ಕಿದರು. "ಅವನಿಗೆ ಸ್ವಂತ ಅಕ್ಕನೇ ನೆನಪಿಲ್ಲ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಅವರ ಮುಖದಲ್ಲಿ ಸಂಕಟವಿತ್ತು, ಆದರೂ ಕಚೇರಿ ಕಚೇರಿಯೇ. "ನೋಡಿ, ಕಾರ್ಯದರ್ಶಿಗೇ ನೆನಪಿಲ್ಲ, ನಡಾವಳಿ ತೆರೆಯೋಕಾಗಲ್ಲ ಅಂದ್ರೆ ನಾನು ಏನು ಮಾಡ್ಲಿ? ಕೋಣೆ ಸಂಘದ ಸಾಮಾನಿಗೆ ಅಂತಲೇ ಬರ್ಕೊಂಡು ಹೋಗ್ಬೇಕಾಗುತ್ತೆ. ಆಮೇಲೆ ಬದಲಾಗಲ್ಲ."

ಇವರ ಹಣೆಯ ಮೇಲೆ ಬೆವರು ಮೂಡಿತು. ಬೆರಳುಗಳು ಹತ್ತೂ ಕಡೆ ಹರಿದಾಡಿದವು. ಆಗ ಟೈಲರಮ್ಮ ಗೋಡೆ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದರು.

"ಸಾಕು ಮೇಡಂ, ಬಲವಂತ ಮಾಡ್ಬೇಡಿ," ಎಂದರು. "ಕೋಣೆ ಹೋದ್ರೆ ಹೋಗ್ಲಿ. ಇಷ್ಟು ವರ್ಷ ಹತ್ತಿದೀನಿ, ಇನ್ನಷ್ಟು ದಿನ ಹತ್ತಿದ್ರಾಯ್ತು. ಅವರು ನನಗೋಸ್ಕರ ಹೀಗೆ ಬೆವರೋದು ನೋಡೋಕಾಗಲ್ಲ."

ಆ ಮಾತು ಅಧ್ಯಕ್ಷರಿಗೆ ಎಲ್ಲಿ ತಾಗಿತೋ ಕಾಣೆ. ಕಿಟಕಿ ಬಿಟ್ಟು ಬಂದು, ಇವರ ಕುರ್ಚಿಯ ಮಗ್ಗುಲಿಗೆ ಮಂಡಿಯೂರಿ ಕೂತರು. ಎಳೆಯ ಮಗುವಿಗೆ ಹೇಳುವ ದನಿಯಲ್ಲಿ ಮಾತಾಡತೊಡಗಿದರು.

"ಕಾರ್ಯದರ್ಶಿಗಳೇ, ಇಲ್ಲಿ ನೋಡಿ. ಗಾಬರಿ ಆಗ್ಬೇಡಿ. ಮೆಲ್ಲಗೆ ಜ್ಞಾಪಿಸ್ಕೊಳ್ಳಿ. ಆವತ್ತು ಸಭೆ ಅಲ್ವಾ? ಫ್ಯಾನ್ ಕೆಟ್ಟಿತ್ತು. ನಾನು ಎದ್ದು ನಿಂತೆ. ನೀವು ನನ್ನ ಮುಖಾನೇ ನೋಡ್ತಾ ಇದ್ರಿ. ಜ್ಞಾಪಕ ಬಂತಾ?"

"ಹೂಂ," ಎಂದರು ಇವರು, ಅವರ ಬಾಯನ್ನೇ ನೋಡುತ್ತ.

"ಹಾಂ! ನಾನೇನಂದೆ? 'ಈ ಅಮ್ಮ ನಮ್ಮ ಮಕ್ಕಳ ಬಟ್ಟೆಗೆಲ್ಲ ಗುಂಡಿ ಹಾಕಿದಾರೆ, ಅವರ ಮಂಡಿಗಿಂತ ನಮ್ಮ ಖಾಲಿ ಕೋಣೆ ದೊಡ್ಡದಲ್ಲ, ಕೋಣೆ ಅವರಿಗೇ ಇರ್ಲಿ' ಅಂದೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ಆಮೇಲೆ ನಾನು ನಿಮ್ಮ ಹತ್ರ ಬಂದು, 'ನನ್ನ ಭಾಷಣ ಪೂರ್ತಿ ಬರ್ಕೊಂಡ್ರಾ' ಅಂತ ಕೇಳ್ದೆ. ನೀವು ನಗ್ತಾ..."

ಅಷ್ಟು ಹೇಳಿ ನಿಂತರು. ಕೋಣೆಯಲ್ಲಿ ಮೇಡಂ ಅವರ ಪೆನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಅದು 'ಕೋಣೆ ಅವರಿಗೇ ಇರಲಿ' ಎಂಬಲ್ಲಿಗೆ ಬಂದು ತಲುಪುವುದನ್ನು ನಾವೆಲ್ಲ ಕೇಳಿಸಿಕೊಂಡೆವು. ಅಧ್ಯಕ್ಷರೂ ಕೇಳಿಸಿಕೊಂಡರು. ಅವರ ಬಾಯಿ ತೆರೆದೇ ಇತ್ತು. ಮಂಚಗಳು ಒಂದೊಂದಾಗಿ ಅವರ ಕಣ್ಣ ಮುಂದೆ ಮಳೆಯಲ್ಲಿ ನೆನೆಯತೊಡಗಿರಬೇಕು.

"ಇದು ನೀವು ಹೇಳಿದ್ದೇ ತಾನೇ?" ಎಂದರು ಮೇಡಂ ತಲೆಯೆತ್ತದೆ.

ಅಧ್ಯಕ್ಷರು ಟೈಲರಮ್ಮನ ಕಡೆ ನೋಡಿದರು. ಇಲ್ಲ ಎನ್ನಲು ಇನ್ನೂ ಸಮಯವಿತ್ತು. "ನಾನೇ," ಎಂದರು. "ಚೆನ್ನಾಗಿ ಮಾತಾಡಿದ್ದೆ."

ಅದೇ ಗಳಿಗೆಗೆ ಟಕ್ ಎಂದು ಸದ್ದಾಯಿತು.

ಅಧ್ಯಕ್ಷರ ಮುಖ ನೋಡುತ್ತ, ಹರಟೆ ಕೇಳುತ್ತ, ತಲೆ ಬೇರೆಡೆ ಹೋದಾಗ ನಮ್ಮವರ ಬೆರಳುಗಳು ತಮ್ಮಷ್ಟಕ್ಕೆ ತಾವು ಆ ಕೀಗಳನ್ನು ಒತ್ತಿದ್ದವು. ಟಿಪ್ಪಣಿ ತೆರೆದಿತ್ತು.

ಪರದೆ ಕಾಣುತ್ತಿದ್ದದ್ದು ಮೂವರಿಗೆ: ಇವರಿಗೆ, ಇವರ ಹಿಂದೆ ನಿಂತಿದ್ದ ನನಗೆ, ಪಕ್ಕದಲ್ಲಿ ಕೂತಿದ್ದ ಮೇಡಂಗೆ. ಅತ್ತಿಗೆಯ ಕಣ್ಣು ಸೆರಗಿನಲ್ಲಿತ್ತು. ಪರದೆಯ ತುಂಬ ಒಂದೇ ಒಂದು ಅಕ್ಷರ. 'ಸಭೆ' ಎಂಬುದರ 'ಸ'. ಅಂಚಿನಿಂದ ಅಂಚಿಗೆ, ಬಲಿತ ಕುಂಬಳಕಾಯಿಯಂತೆ ಕೂತಿತ್ತು. ಬೇರೇನೂ ಇಲ್ಲ.

ನನಗೆ ತಕ್ಷಣ ಸೋಪು ನೆನಪಾಯಿತು. ಒಂದು ಅಕ್ಷರ ಬರೆದ ಮೇಲೆ ಇವರ ಬೆರಳು ಎಲ್ಲೋ ತಗುಲಿ ಆಜ್ಞೆಯ ಅವಸ್ಥೆಗೆ ಹೋಗಿತ್ತು. ಅಲ್ಲಿಂದ ಮುಂದೆ ಅಧ್ಯಕ್ಷರ ಭಾಷಣವನ್ನೂ, ಡ್ರೈವರಣ್ಣನ ಫುಲ್‌ಸ್ಟಾಪನ್ನೂ, ಟೈಲರಮ್ಮನ ಕೃತಜ್ಞತೆಯನ್ನೂ ಇವರು ಒಂದೂ ಬಿಡದೆ ಆಜ್ಞೆಯಾಗಿ ಹೊರಡಿಸಿದ್ದರು. ಸ್ಮೃತಿ ಪಾಪ, ಇಡೀ ಸಭೆಯನ್ನು ಶಿರಸಾವಹಿಸಿ ಪಾಲಿಸಿತ್ತು.

ಇವರ ಕಿವಿ ಕೆಂಪಾಯಿತು. ಕತ್ತು ಮೆಲ್ಲಗೆ ಕುಗ್ಗಿತು. ಕೈಕುರ್ಚಿಯಲ್ಲಿ ಮನುಷ್ಯ ಒಂದು ಗೇಣು ಚಿಕ್ಕವರಾದಂತೆ ಕಂಡರು.

"ಇದೆಯಾ ಮೇಡಂ?" ಎಂದರು ಟೈಲರಮ್ಮ ಗೋಡೆಯ ಬಳಿಯಿಂದ. "ಅವರು ಬರ್ದಿದ್ದು ಇದೆಯಾ?" ಕೋಣೆ ಸಿಕ್ಕಿತೆಂದು ಅವರಿಗೆ ಆಗಲೇ ತಿಳಿದಿತ್ತು. ಕೇಳಿದ್ದು ಇವರಿಗಾಗಿ.

ಮೇಡಂ ಪರದೆಯನ್ನು ನೋಡಿದರು. ಇವರ ಕೆಂಪಾದ ಕಿವಿಯನ್ನು ನೋಡಿದರು. ಮೇಜಿನ ಮೇಲಿದ್ದ ನೀಲಿ ಕಸೂತಿಯ ಹೊದಿಕೆಯನ್ನು ತೆಗೆದುಕೊಂಡು, ಅದನ್ನು ಕೀಬೋರ್ಡಿನ ಮೇಲೆ ಹಾಕದೆ ಪರದೆಯ ಮೇಲೆ ಇಳಿಬಿಟ್ಟರು.

"ಇದೆಯಮ್ಮ," ಎಂದರು. "ಅಕ್ಷರ ದುಂಡಗಿದೆ."

ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಾಗಿಲ ತನಕ ಬಿಡಲು ಹೋದ ನನಗೆ, "ನಮ್ಮನೇಲೂ ಒಬ್ರಿದಾರೆ," ಎಂದು ಪಿಸುಗುಟ್ಟಿ, ಮೆಟ್ಟಿಲ ಕಂಬಿ ಹಿಡಿದು ಇಳಿದರು.

ಟೈಲರಮ್ಮ ಅದೇ ವಾರ ಕೆಳಗೆ ಬಂದರು. ಹೊಲಿಗೆ ಯಂತ್ರವನ್ನು ಡ್ರೈವರಣ್ಣ ಬೆನ್ನ ಮೇಲೆ ಹೊತ್ತು, ಒಂದೊಂದು ಮೆಟ್ಟಿಲಿಗೂ ಹಾರನ್ ಹಾಕುತ್ತ ಇಳಿಸಿದ. ಅಧ್ಯಕ್ಷರು ದಿನವೆಲ್ಲ ಮುಖ ಊದಿಸಿಕೊಂಡಿದ್ದರು. ಸಂಜೆ ಒಂದು ಸ್ಟೂಲ್ ತಂದು ಅಲ್ಲಿಟ್ಟು, ಎತ್ತರ ಸರಿಯಿದೆಯೇ ಎಂದು ಕೇಳದೆ ಹೋದರು. ಸರಿಯಾಗಿತ್ತು. ಮಂಚಗಳು ಈಗ ಅವರ ಮನೆಯ ಹಜಾರದಲ್ಲಿವೆ. ಬಂದವರು ಕುರ್ಚಿಯ ಬದಲು ಮಂಚದ ಮೇಲೆ ಕೂರುತ್ತಾರೆ.

ಹೊಸ ಕೋಣೆಯಲ್ಲಿ ಟೈಲರಮ್ಮ ಮೊದಲು ಹೊಲಿದದ್ದು ಒಂದು ಪುಟ್ಟ ಬಾವುಟ. ಇವರೇ ಹೇಳಿ ಮಾಡಿಸಿದ್ದು. ಒಂದು ಮಗ್ಗುಲು ಹಸಿರು, ಒಂದು ಮಗ್ಗುಲು ಕೆಂಪು. ಈಗ ಅದು ಪರದೆಯ ಮೇಲಂಚಿಗೆ ನಿಂತಿದೆ. ಬರೆಯುವ ಅವಸ್ಥೆಗೆ ಹಸಿರು, ಆಜ್ಞೆಯ ಅವಸ್ಥೆಗೆ ಕೆಂಪು. ಅವಸ್ಥೆ ಬದಲಾದಾಗಲೆಲ್ಲ ಇವರು ಕೀಬೋರ್ಡಿನಿಂದ ಕೈ ಎತ್ತಿ, ಬಾವುಟ ತಿರುಗಿಸಿ, ಮತ್ತೆ ಕೈ ಇಳಿಸುತ್ತಾರೆ. ಮೌಸಿನ ಕಾಲದಲ್ಲಿ ಇಷ್ಟು ಸಲ ಎತ್ತುತ್ತಿರಲಿಲ್ಲ. ನಾನು ಅದನ್ನು ಆಡಿ ತೋರಿಸಿಲ್ಲ.

ಗೋಡೆಯ ಕಾಗದಗಳು ಒಂದೊಂದೇ ಉದುರಿದವು. ಕಟ್ಟಡದವರಿಗೆಲ್ಲ ಕ್ರಮೇಣ ವಿಷಯ ತಿಳಿಯಿತು. ಅತ್ತಿಗೆಗೆ ಮಾತ್ರ ಯಾರೂ ತಿಳಿಸಿಲ್ಲ. ಅವರು ಈಗ ದಿನವೂ ಬೆಳಗ್ಗೆ ತಪ್ಪದೆ ಫೋನ್ ಮಾಡುತ್ತಾರೆ. ಇವರು ಎಲ್ಲ ಬಿಟ್ಟು, ಹಸಿರು ಬಾವುಟವನ್ನು ಹಾಗೇ ಬಿಟ್ಟು, ಎದ್ದು ಹೋಗಿ ಎತ್ತುತ್ತಾರೆ.

"ಪುಟ್ಟಾ, ನಾನು ಯಾರು ಹೇಳು?"

ಹೇಳಿಬಿಟ್ಟರೆ ಅತ್ತಿಗೆ ಸಂತೋಷಪಟ್ಟು ಫೋನ್ ಇಟ್ಟುಬಿಡುತ್ತಾರೆ. ಹಾಗೆಂದು ಇವರು ಅನುಭವದಿಂದ ಬಲ್ಲರು. ಆದ್ದರಿಂದ ಕೈಕುರ್ಚಿಯಲ್ಲಿ ಚೆನ್ನಾಗಿ ಒರಗಿ, ಕಾಲು ಚಾಚಿಕೊಂಡು, ಕಣ್ಣು ಮುಚ್ಚಿ, "ತಡಿ, ತಡಿ, ನೆನಪಾಗ್ತಾ ಇದೆ," ಎನ್ನುತ್ತಾರೆ. ಆಗ ಅತ್ತಿಗೆ ಆ ಕಡೆಯಿಂದ ಇವರಿಗೆ ಒಂದೊಂದೇ ಹಳೆಯದನ್ನು ನೆನಪಿಸಿಕೊಡಲು ಶುರುಮಾಡುತ್ತಾರೆ, ಇವರಿಬ್ಬರೂ ಚಿಕ್ಕವರಾಗಿದ್ದ ದಿನಗಳಿಂದ.